ಅರ್ಧ ಮನುಷ್ಯರ ಲೆಕ್ಕ

ಇಂಗ್ಲೆಂಡಿನ ಕಾನೂನಿನ ಒಂದು ಲೆಕ್ಕದಲ್ಲಿ ಹತ್ತು ವರ್ಷ ತುಂಬದ ಮಗು ಅಂದರೆ ಅರ್ಧ ಮನುಷ್ಯ. ಒಂದು ವರ್ಷ ತುಂಬದ ಕೂಸು ಲೆಕ್ಕಕ್ಕೇ ಇಲ್ಲ. ತಮಾಷೆಯಲ್ಲ, 1985ರ ಹೌಸಿಂಗ್ ಆಕ್ಟ್‌ನಲ್ಲಿ ಹೀಗೇ ಇದೆ. ಒಂದು ಮನೆಯಲ್ಲಿ ಜನ ಕಿಕ್ಕಿರಿದಿದ್ದಾರೋ ಇಲ್ಲವೋ ಎಂದು ಅಳೆಯಲು ಮಾಡಿಕೊಂಡ ಲೆಕ್ಕ ಇದು. ಸರ್ಕಾರಿ ಬಾಡಿಗೆ ಮನೆ ಯಾರಿಗೆ ಮೊದಲು ಎಂದು ತೀರ್ಮಾನಿಸುವಾಗ ಇಂಥ ಅಳತೆಗಳೇ ಕೆಲಸ ಮಾಡುತ್ತವೆ. ಇದರ ಬೇರು ಇನ್ನೂ ಹಳೆಯದು, 1935ರ ಕಾನೂನಿನಲ್ಲಿದೆ.

ಒಂದು ಸಂಸಾರ ಇದೆ ಅಂದುಕೊಳ್ಳಿ. ಗಂಡ, ಹೆಂಡತಿ, ಎಂಟು ವರ್ಷದ ಮಗ, ಐದು ವರ್ಷದ ಮಗಳು, ಎಂಟು ತಿಂಗಳ ಕೂಸು. ಇರುವುದು ಒಂದು ಬೆಡ್‌ರೂಮ್, ಒಂದು ಹಾಲ್. ಈ ಕಾನೂನಿನ ಪ್ರಕಾರ ಹಾಲ್ ಕೂಡ ಮಲಗುವ ಜಾಗವೇ. ಹಾಗಾಗಿ ಎರಡು ಕೋಣೆ ಆಯಿತು. ಎರಡು ಕೋಣೆಯಲ್ಲಿ ಮೂರು ಜನ ಇರಬಹುದು. ದೊಡ್ಡವರು ಇಬ್ಬರು. ಅರ್ಧ, ಅರ್ಧ ಸೇರಿ ಒಂದು. ಕೂಸು ಸೊನ್ನೆ. ಸರಿಯಾಗಿ ಮೂರು! ಕೋಣೆಗಳು ತೀರಾ ಚಿಕ್ಕವಾಗಿರದಿದ್ದರೆ, ಐದು ಜೀವ ಇರುವ ಈ ಮನೆಯಲ್ಲಿ ಜನ ಜಾಸ್ತಿಯಾಗಿಲ್ಲ.

ಇನ್ನು ನಾಲ್ಕು ತಿಂಗಳಿಗೆ ಕೂಸಿಗೆ ವರ್ಷ ತುಂಬುತ್ತದೆ. ಆಗ ಮೂರೂವರೆ. ಮನೆಗೆ ಹೊಸಬರು ಯಾರೂ ಬಂದಿಲ್ಲ, ಗೋಡೆ ಒಂದಿಂಚೂ ಒಳಗೆ ಸರಿದಿಲ್ಲ, ಆದರೂ ಆ ದಿನದಿಂದ ಜನ ಜಾಸ್ತಿ. ಅಷ್ಟೇ ಅಲ್ಲ, ಹೀಗೆ ಕಿಕ್ಕಿರಿದ ಮನೆಯಲ್ಲಿ ವಾಸ ಮಾಡುವುದು ಅಪರಾಧ ಕೂಡ. ಮಕ್ಕಳ ವಯಸ್ಸು ಏರಿದ್ದರಿಂದ ಹೀಗಾಗಿದ್ದರೆ ಒಂದು ರಿಯಾಯಿತಿ ಇದೆ. ಬೇರೆ ಮನೆ ಬೇಕೆಂದು ಕೌನ್ಸಿಲ್‌ಗೆ, ಅಂದರೆ ಅಲ್ಲಿನ ಸ್ಥಳೀಯ ಆಡಳಿತಕ್ಕೆ, ಅರ್ಜಿ ಹಾಕಿರಬೇಕು. ಹಾಕಿದ್ದರೆ ಅಪರಾಧವಲ್ಲ. ಮನೆ ಸಿಗುತ್ತದೋ ಇಲ್ಲವೋ, ಅದು ಬೇರೆ ಮಾತು.

ಇದೇ ಸಂಸಾರವನ್ನು ಇನ್ನೊಂದು ಕೋಲಿನಿಂದ ಅಳೆಯೋಣ. ಅದಕ್ಕೆ ಬೆಡ್‌ರೂಮ್ ಸ್ಟ್ಯಾಂಡರ್ಡ್ ಎನ್ನುತ್ತಾರೆ. ಗಂಡ ಹೆಂಡತಿಗೆ ಒಂದು ಕೋಣೆ. 21 ತುಂಬಿದ ಪ್ರತಿಯೊಬ್ಬರಿಗೂ ಒಂದೊಂದು. 10ರಿಂದ 20 ವರ್ಷದವರಾದರೆ ಇಬ್ಬರು ಹುಡುಗರಿಗೆ ಅಥವಾ ಇಬ್ಬರು ಹುಡುಗಿಯರಿಗೆ ಒಂದು. ಹತ್ತರೊಳಗಿನ ಮಕ್ಕಳಾದರೆ ಗಂಡೋ ಹೆಣ್ಣೋ, ಇಬ್ಬರಿಗೆ ಒಂದು. ಹಾಲ್ ಇಲ್ಲಿ ಲೆಕ್ಕಕ್ಕಿಲ್ಲ. ಈ ಪ್ರಕಾರ ಅವರಿಗೆ ಮೂರು ಬೆಡ್‌ರೂಮ್ ಬೇಕು, ಇರುವುದು ಒಂದು. 2012ರಲ್ಲಿ ಸರ್ಕಾರ ಕೌನ್ಸಿಲ್‌ಗಳಿಗೆ ಈ ಅಳತೆಯನ್ನೇ ಬಳಸಿ ಎಂದು ಸಲಹೆ ಕೊಟ್ಟಿತು. ಸಲಹೆ ಮಾತ್ರ, ಕಟ್ಟಪ್ಪಣೆಯಲ್ಲ.

ಒಂದು ಕೋಲಿನ ಪ್ರಕಾರ ಈ ಐದು ಜನಕ್ಕೆ ಜಾಗದ ತೊಂದರೆಯೇ ಇಲ್ಲ. ಇನ್ನೊಂದರ ಪ್ರಕಾರ ಎರಡು ಕೋಣೆ ಕಡಿಮೆ. ಸರ್ಕಾರಿ ಬಾಡಿಗೆ ಮನೆಯ ಸಾಲಿನಲ್ಲಿ ಇವರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ಕೌಂಟರಿನಲ್ಲಿ ಕೂತ ಅಧಿಕಾರಿ ತೀರ್ಮಾನಿಸುತ್ತಾನೆ ಅಂತ ನಾವು ಅಂದುಕೊಳ್ಳುತ್ತೇವೆ. ಆತ ತೀರ್ಮಾನಿಸುವುದು ಬಹಳ ಕಡಿಮೆ. ಯಾವ ಕೋಲು ಅಂತ ಆರಿಸಿದವರು ಯಾವತ್ತೋ ತೀರ್ಮಾನಿಸಿ ಎದ್ದು ಹೋಗಿರುತ್ತಾರೆ.

ಇದೆಲ್ಲ ನನ್ನ ತಲೆಗೆ ಬಂದದ್ದು ಪುಸ್ತಕ ಓದಿ ಅಲ್ಲ. ಇಂಗ್ಲೆಂಡಿನಲ್ಲಿದ್ದಾಗ ಒಂದು ಸಲಹಾ ಕೇಂದ್ರದಲ್ಲಿ ಬಿಡುವಿದ್ದಾಗ ಅರ್ಜಿ ತುಂಬಿಕೊಡಲು ಕೂರುತ್ತಿದ್ದೆ. ಕೆಲಸದ ವೀಸಾದಲ್ಲಿ ಹೋದವನು ನಾನು. ಅಂಥವರಿಗೆ ಈ ಮನೆಗಳು ಸಿಗುವುದಿಲ್ಲ. ಸರ್ಕಾರಿ ನೆರವು ಪಡೆಯುವಂತಿಲ್ಲ ಎಂಬ ಷರತ್ತು ವೀಸಾಕ್ಕೇ ಅಂಟಿಕೊಂಡಿರುತ್ತದೆ. ನನಗೆ ನಿಲ್ಲಲು ಹಕ್ಕೇ ಇಲ್ಲದ ಸಾಲಿನಲ್ಲಿ ಬೇರೆಯವರು ಎಲ್ಲಿ ನಿಲ್ಲಬೇಕೆಂದು ಅವರ ಜೊತೆ ಕೂತು ಲೆಕ್ಕ ಹಾಕುತ್ತಿದ್ದೆ. ಒಂಥರಾ ವಿಚಿತ್ರ ಜಾಗ ಅದು. ಆದರೆ ನೋಡಲು ಒಳ್ಳೆಯ ಜಾಗ.

ಸಾಲು ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹೇಳಿಬಿಡುತ್ತೇನೆ. 1996ರ ಹೌಸಿಂಗ್ ಆಕ್ಟ್ ಪ್ರಕಾರ ಕೆಲವು ಬಗೆಯವರಿಗೆ ಪ್ರತಿ ಕೌನ್ಸಿಲ್ಲೂ ಒಂದಿಷ್ಟು ಆದ್ಯತೆ ಕೊಡಲೇಬೇಕು. ಮನೆಯಿಲ್ಲದವರು, ಕಿಕ್ಕಿರಿದ ಅಥವಾ ವಾಸಕ್ಕೆ ಯೋಗ್ಯವಲ್ಲದ ಮನೆಯಲ್ಲಿರುವವರು, ಕಾಯಿಲೆ, ಅಂಗವೈಕಲ್ಯದಂಥ ಕಾರಣಕ್ಕೆ ಮನೆ ಬದಲಿಸಬೇಕಾದವರು, ನಿರ್ದಿಷ್ಟ ಪ್ರದೇಶಕ್ಕೆ ಹೋಗದಿದ್ದರೆ ಕಷ್ಟಕ್ಕೆ ಸಿಲುಕುವವರು. ಎಷ್ಟು ಆದ್ಯತೆ, ಯಾರ ಮುಂದೆ ಯಾರು, ಇದು ಆಯಾ ಕೌನ್ಸಿಲ್‌ಗೆ ಬಿಟ್ಟದ್ದು. ಹೆಚ್ಚಿನ ಕಡೆ ಎ, ಬಿ, ಸಿ, ಡಿ ಎಂದು ಬ್ಯಾಂಡ್‌ಗಳಿರುತ್ತವೆ. ಕೆಲವು ಕಡೆ ಅಂಕ. ಖಾಲಿಯಾದ ಮನೆಗಳನ್ನು ಪ್ರಕಟಿಸುತ್ತಾರೆ, ಬೇಕಾದವರು ಬಿಡ್ ಹಾಕಬೇಕು. ದುಡ್ಡಿನ ಮಾತಿಲ್ಲ, ಈ ಮನೆ ನನಗಿರಲಿ ಎಂದು ಹೇಳುವುದಷ್ಟೇ. ಬಿಡ್ ಹಾಕಿದವರಲ್ಲಿ ಮೇಲಿನ ಬ್ಯಾಂಡಿನವರಿಗೆ ಮನೆ. ಒಂದೇ ಬ್ಯಾಂಡಿನಲ್ಲಿ ಹಲವರಿದ್ದರೆ ಮೊದಲು ಬಂದವರಿಗೆ. ಈ ಪದ್ಧತಿ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ನಗರದಿಂದ ಬಂದದ್ದು.

ನಾನು ಜಾಸ್ತಿ ಹೊತ್ತು ಕಳೆಯುತ್ತಿದ್ದುದು ಕಾಯಿಲೆಯ ಫಾರಂನ ಮೇಲೆ. ಜನಕ್ಕೆ ಅಲ್ಲಿ ಅರ್ಥವಾಗದ ಒಂದು ಸಂಗತಿ ಇದೆ. ನಿಮಗೆ ಎಷ್ಟು ಕಾಯಿಲೆ ಎಂದು ಆ ಫಾರಂ ಕೇಳುವುದಿಲ್ಲ. ಈಗಿರುವ ಮನೆಯಿಂದ ಆ ಕಾಯಿಲೆ ಹೆಚ್ಚುತ್ತಿದೆಯೇ, ಬೇರೆ ಮನೆ ಕೊಟ್ಟರೆ ಕಡಿಮೆಯಾಗುತ್ತದೆಯೇ ಎಂದು ಕೇಳುತ್ತದೆ. ಹೃದಯದ ಆಪರೇಷನ್ ಆಗಿದ್ದರೂ ನೆಲಮಹಡಿಯ ಬೆಚ್ಚಗಿನ ಮನೆಯಲ್ಲಿದ್ದರೆ ಏನೂ ಸಿಗದಿರಬಹುದು. ಮಂಡಿ ಸವೆದವರು ಲಿಫ್ಟಿಲ್ಲದ ಮೂರನೇ ಮಹಡಿಯಲ್ಲಿದ್ದರೆ ಅವರ ಬ್ಯಾಂಡ್ ಏರಬಹುದು. ಜನ ಆಸ್ಪತ್ರೆಯ ದೊಡ್ಡ ಫೈಲ್ ಹೊತ್ತು ತರುತ್ತಿದ್ದರು. ಅದರಲ್ಲಿ ಮನೆಯ ಬಗ್ಗೆ ಒಂದು ಸಾಲೂ ಇರುತ್ತಿರಲಿಲ್ಲ. ಮೆಟ್ಟಿಲು, ತೇವ, ಸ್ನಾನದ ತೊಟ್ಟಿ, ಇವುಗಳ ಹೆಸರೆತ್ತಿ ಡಾಕ್ಟರ್ ಬರೆದ ನಾಲ್ಕು ಸಾಲು ಆ ಫೈಲಿಗಿಂತ ಹೆಚ್ಚು ಕೆಲಸ ಮಾಡುತ್ತಿತ್ತು. ಎಷ್ಟೋ ಕಡೆ ಕೌನ್ಸಿಲ್‌ನ ವೈದ್ಯಕೀಯ ಸಲಹೆಗಾರರು ಅರ್ಜಿದಾರರನ್ನು ಕಣ್ಣಲ್ಲಿ ನೋಡುವುದೇ ಇಲ್ಲ, ಕಾಗದ ನೋಡಿ ಹೇಳುತ್ತಾರೆ.

ವಯಸ್ಸಾದ ಒಬ್ಬರಿದ್ದರು. ಮೆಟ್ಟಿಲು ಹತ್ತಬಲ್ಲಿರಾ ಎಂಬ ಪ್ರಶ್ನೆಗೆ ಅವರು ಹೌದು ಎಂದು ಬರೆದಿದ್ದರು. ಸುಳ್ಳಲ್ಲ, ದಿನಾ ಹತ್ತುತ್ತಿದ್ದರು. ಹತ್ತದಿದ್ದರೆ ಮನೆ ಸೇರುವುದು ಹೇಗೆ? ಹತ್ತಿದ ಮೇಲೆ ಏನಾಗುತ್ತೆ ಸರ್ ಎಂದು ಕೇಳಿದೆ. ಮೊದಲ ಮಹಡಿಯಲ್ಲಿ ಚೀಲ ಇಟ್ಟು ಕೂರುತ್ತೇನೆ, ಎರಡನೆಯದರಲ್ಲಿ ಪಕ್ಕದ ಮನೆಯ ಹುಡುಗ ಚೀಲ ಎತ್ತಿಕೊಳ್ಳುತ್ತಾನೆ, ಮೇಲೆ ಹೋದವನು ಮತ್ತೆ ಸಂಜೆಯವರೆಗೆ ಇಳಿಯುವುದಿಲ್ಲ ಎಂದರು. ಹಾಗಾದರೆ ಅದನ್ನೇ ಬರೆಯೋಣ ಎಂದೆ. ಅವರಿಗೆ ಇಷ್ಟವಾಗಲಿಲ್ಲ. ಬದುಕಿಡೀ ಯಾರ ಮುಂದೆಯೂ ಕೈಲಾಗದು ಎಂದವರಲ್ಲ ಅವರು. ಕೊನೆಗೆ ಬರೆದೆವು, ಆದರೆ ಸಹಿ ಹಾಕುವಾಗ ಅವರು ನನ್ನ ಮುಖ ನೋಡಲಿಲ್ಲ.

ಇಂಥವರನ್ನು ಬಹಳ ನೋಡಿದೆ. ಕಷ್ಟವನ್ನು ಚೆನ್ನಾಗಿ ಹೇಳಬಲ್ಲವರು ಮೇಲೆ ಹೋಗುತ್ತಾರೆ, ನಡೆಯುತ್ತೆ ಬಿಡಿ ಎನ್ನುವವರು ಕೆಳಗೇ ಉಳಿಯುತ್ತಾರೆ. ಹೇಳುವುದರಲ್ಲಿ ಜಾಣತನ ಇರುವವರನ್ನು ನಾನು ಬೈಯುವುದಿಲ್ಲ. ಮಕ್ಕಳು ಮರಿ ಇದ್ದವರು ಮತ್ತೇನು ಮಾಡಬೇಕು? ಆದರೆ ಅತಿ ಹೆಚ್ಚು ಕಷ್ಟ ಇರುವವರಿಗೆ ಮೊದಲು ಎನ್ನುವ ಮಾತು ಕೇಳಲು ಎಷ್ಟು ಸರಳವೋ, ಆ ಕಷ್ಟವನ್ನು ಕಾಗದದ ಮೇಲೆ ತರುವುದು ಅಷ್ಟೇ ತೊಡಕು.

ಹಿಂದೆ ಇದು ಇನ್ನೂ ಕೆಟ್ಟದಾಗಿತ್ತು. ಕೌನ್ಸಿಲ್‌ಗಳು ಅರ್ಜಿದಾರರ ಮನೆಗೆ ಹೌಸಿಂಗ್ ವಿಸಿಟರ್ ಎಂಬುವರನ್ನು ಕಳಿಸುತ್ತಿದ್ದವು. ಅವರು ಮನೆ ಎಷ್ಟು ಚೊಕ್ಕಟವಾಗಿದೆ, ಬಾಡಿಗೆ ಸರಿಯಾಗಿ ಕಟ್ಟಿದ್ದಾರೆಯೇ ಎಂದು ನೋಡಿ ಕುಟುಂಬಕ್ಕೆ ಗ್ರೇಡ್ ಕೊಡುತ್ತಿದ್ದರು. ಒಳ್ಳೆಯ ಗ್ರೇಡ್ ಬಂದವರಿಗೆ ಹೊಸ ಮನೆ, ಇಲ್ಲದವರಿಗೆ ಹಳೆಯದು. ಕಲಿಂಗ್‌ವರ್ತ್ ಅಧ್ಯಕ್ಷತೆಯ ಸರ್ಕಾರಿ ಸಮಿತಿ 1969ರ ತನ್ನ ವರದಿಯಲ್ಲಿ ಇದನ್ನು ಖಾರವಾಗಿಯೇ ಟೀಕಿಸಿತು. ಮನೆ ಬೇಕಿರುವವರಿಗಿಂತ ಮನೆಗೆ ಯೋಗ್ಯರಾದವರನ್ನು ಹುಡುಕುವ ಚಾಳಿ ಅದು.

ಅದಕ್ಕೂ ಹಿಂದೆ ಹೋದರೆ ಲಂಡನ್ನಿನ ಬೌಂಡರಿ ಎಸ್ಟೇಟ್. ಶೋರ್‌ಡಿಚ್‌ನಲ್ಲಿ ಓಲ್ಡ್ ನಿಕೋಲ್ ಎಂಬ ಕೊಳೆಗೇರಿ ಕೆಡವಿ ಲಂಡನ್ ಕೌಂಟಿ ಕೌನ್ಸಿಲ್ ಕಟ್ಟಿಸಿದ್ದು. 1900ರಲ್ಲಿ ಉದ್ಘಾಟನೆಯಾಯಿತು. ಇಂಗ್ಲೆಂಡಿನ ಮೊದಮೊದಲ ಕೌನ್ಸಿಲ್ ಮನೆಗಳಲ್ಲಿ ಅದೂ ಒಂದು, ಈಗಲೂ ಚಂದವಾಗಿ ನಿಂತಿದೆ. ಕೊಳೆಗೇರಿಯಿಂದ ಎಬ್ಬಿಸಿದ್ದು 5 ಸಾವಿರಕ್ಕೂ ಹೆಚ್ಚು ಜನರನ್ನು. ಅವರಲ್ಲಿ ಹೊಸ ಮನೆಗೆ ಬಂದವರು 11 ಮಂದಿ ಎಂದು ಹೇಳುತ್ತಾರೆ. ಬಾಡಿಗೆ ಅವರ ಕೈಗೆ ಎಟುಕುವಂತಿರಲಿಲ್ಲ. ಯಾರಿಗೂ ನೀವು ಬರಬೇಡಿ ಎಂದು ಬಾಯಿಬಿಟ್ಟು ಹೇಳಬೇಕಾಗಲಿಲ್ಲ, ಬಾಡಿಗೆಯೇ ಹೇಳಿತು.

ಕಷ್ಟ ಅಳೆಯುವುದು ಇಷ್ಟು ತೊಡಕಾದರೆ, ಸುಮ್ನೆ ಮೊದಲು ಬಂದವರಿಗೆ ಮೊದಲು ಎಂದು ಮಾಡಬಾರದೇ? ಮಾಡಿದವರಿದ್ದಾರೆ. ಸ್ಟಾಕ್‌ಹೋಮ್ ನಗರದ ಬಾಡಿಗೆ ಮನೆಗಳ ಸಾಲು ಬಹುಪಾಲು ಹೀಗೇ ನಡೆಯುತ್ತದೆ. 18 ತುಂಬಿದ ಯಾರು ಬೇಕಾದರೂ ಹೆಸರು ಬರೆಸಬಹುದು. ವರ್ಷವರ್ಷ ಸ್ವಲ್ಪ ಶುಲ್ಕ ಕಟ್ಟುತ್ತಿದ್ದರೆ ಕಾದ ದಿನಗಳು ಜಮೆಯಾಗುತ್ತ ಹೋಗುತ್ತವೆ. ಅಳು, ಫೈಲ್, ಡಾಕ್ಟರ್ ಪತ್ರ ಏನೂ ಬೇಡ. ಯಾರ ಮುಂದೆಯೂ ಕೈಲಾಗದು ಎನ್ನಬೇಕಿಲ್ಲ. ಆದರೆ ಸರಾಸರಿ ಕಾಯುವುದು ಸುಮಾರು ಒಂಬತ್ತು ವರ್ಷ, ನಗರದ ಮಧ್ಯಭಾಗಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು. ಈ ಸಾಲು ಗೌರವ ಕೊಡುತ್ತದೆ, ನಿಜ. ಅದರ ಲಾಭ ಮಾತ್ರ ಅಲ್ಲೇ ಹುಟ್ಟಿ ಬೆಳೆದು, ಹದಿನೆಂಟಕ್ಕೇ ಹೆಸರು ಬರೆಸು ಎಂದು ಹೇಳುವ ಅಪ್ಪ ಅಮ್ಮ ಇರುವವರಿಗೆ. ನಿನ್ನೆ ಗಂಡನ ಹೊಡೆತ ತಪ್ಪಿಸಿಕೊಂಡು ಬಂದವಳಿಗೆ ಒಂಬತ್ತು ವರ್ಷದ ಸಾಲು ಏನು ಮಾಡಬೇಕು? ಅಲ್ಲೂ ತುರ್ತು ಇರುವವರಿಗೆ ಬೇರೆ ದಾರಿ ಇಟ್ಟಿದ್ದಾರೆ. ಅಂದರೆ ಕಷ್ಟ ಅಳೆಯುವ ಕೆಲಸ ಪೂರ್ತಿ ತಪ್ಪಲಿಲ್ಲ.

ಇದೇ ಜಗಳ ಇಂಗ್ಲೆಂಡಿನಲ್ಲಿ ಆಗ ಅತಿ ಎತ್ತರದ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು, 2009ರಲ್ಲಿ. ಲಂಡನ್ನಿನ ನ್ಯೂಹ್ಯಾಮ್ ಕೌನ್ಸಿಲ್‌ನಲ್ಲಿ ಆದ್ಯತೆಯ ಗುಂಪಿಗೆ ಸೇರಿದವರ ನಡುವೆ ಬಹುಪಾಲು ಮನೆಗಳು ಹೆಚ್ಚು ಕಾಲ ಕಾದವರಿಗೆ ಹೋಗುತ್ತಿದ್ದವು. ಒಂದು ಕಷ್ಟ ಇದ್ದವರೂ, ಮೂರು ಕಷ್ಟ ಒಟ್ಟಿಗೆ ಇದ್ದವರೂ ಒಂದೇ ಸಾಲಿನಲ್ಲಿ. ಇದು ಸರಿಯೇ? ಕೆಳಗಿನ ಕೋರ್ಟು ಸರಿಯಲ್ಲ ಎಂದಿತ್ತು. ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಾಧೀಶರು ಕೌನ್ಸಿಲ್ ಮಾಡಿದ್ದು ಕಾನೂನಿಗೆ ವಿರುದ್ಧವಲ್ಲ ಎಂದರು. ಸಾವಿರಾರು ಮನೆಗಳ ಕಷ್ಟವನ್ನು ಒಂದಕ್ಕೊಂದು ತೂಗಿ ನೋಡುವುದು ಕಠಿಣ. ಇವತ್ತು ತೂಗಿದ್ದು ನಾಳೆಗೆ ಬದಲಾಗುತ್ತದೆ. ಕಾದ ದಿನಾಂಕ ಎಲ್ಲರಿಗೂ ಅರ್ಥವಾಗುವ, ಖರ್ಚು ಕಡಿಮೆಯ ಅಳತೆ. ಯಾರಿಗೆ ಎಷ್ಟು ಆದ್ಯತೆ ಎಂಬುದು ಚುನಾಯಿತ ಕೌನ್ಸಿಲ್‌ನ ಕೆಲಸ, ಕೋರ್ಟಿನದಲ್ಲ. ಹೆಚ್ಚುಕಡಿಮೆ ಇದು ಅವರ ವಾದ.

ನನಗೆ ಇದು ಒಪ್ಪಿಗೆಯೂ ಹೌದು, ಅಲ್ಲವೂ ಹೌದು. ಕಷ್ಟಗಳನ್ನು ಕೂಡಿಸಿ ಅಂಕ ಕೊಡುವ ಕಡೆ ಜನ ಅಂಕದ ಹಿಂದೆ ಬೀಳುತ್ತಾರೆ. ಸೋರುವ ಛಾವಣಿ ರಿಪೇರಿ ಮಾಡಿಸಿದರೆ ಅಂಕ ಹೋಗುತ್ತದೆ ಎಂಬ ಭಯ ಬರುತ್ತದೆ, ಅಣ್ಣನ ಮನೆಗೆ ತಾತ್ಕಾಲಿಕವಾಗಿ ಹೋಗಲೂ ಹೆದರುತ್ತಾರೆ. ಆದರೆ ಮೂರು ಕಷ್ಟ ಇರುವವರನ್ನು ಒಂದು ಇರುವವರ ಹಿಂದೆ ನಿಲ್ಲಿಸಿ, ದಿನಾಂಕ ಹೀಗಿದೆ ನೋಡಿ ಎನ್ನಲು ನನ್ನ ಬಾಯಿ ಬರುವುದಿಲ್ಲ. ಎಣಿಸಲು ಕಷ್ಟ ಎಂಬುದು ಎಣಿಸದೇ ಬಿಡಲು ಕಾರಣವಾಗಬಾರದು.

ಇನ್ನು ಮನೆಯೇ ಇಲ್ಲದವರ ವಿಷಯ. 1977ರ ಕಾನೂನು ಮನೆಯಿಲ್ಲದವರ ಹೊಣೆಯನ್ನು ಮೊದಲ ಸಲ ಕೌನ್ಸಿಲ್‌ಗಳ ಹೆಗಲಿಗೆ ಸರಿಯಾಗಿ ಹೊರಿಸಿತು. ಆದರೆ ಎಲ್ಲರ ಹೊಣೆಯಲ್ಲ. ಗರ್ಭಿಣಿಯರು, ಮಕ್ಕಳಿರುವವರು, ಇಲ್ಲವೇ ವಯಸ್ಸು, ಕಾಯಿಲೆಯಂಥ ಕಾರಣಕ್ಕೆ ದುರ್ಬಲರಾದವರು, ಮುಖ್ಯವಾಗಿ ಇಂಥವರಿಗೆ ಪೂರ್ತಿ ನೆರವು. ಒಂಟಿ ಗಂಡಸಿಗೆ ಇಲ್ಲಿ ಬಹಳ ಕಷ್ಟ. ಅವನು ದುರ್ಬಲ ಎಂದು ಸಾಬೀತಾಗಬೇಕು. ದುರ್ಬಲ ಅಂದರೆ ಯಾರಿಗಿಂತ? 1998ರ ಒಂದು ತೀರ್ಪಿನ ನಂತರ ಕೌನ್ಸಿಲ್‌ಗಳು ಹೋಲಿಸುತ್ತಿದ್ದುದು ಸಾಮಾನ್ಯ ಮನೆಯಿಲ್ಲದ ವ್ಯಕ್ತಿಯ ಜೊತೆ. ಬೀದಿಯಲ್ಲಿ ಮಲಗುವವರಲ್ಲಿ ಖಿನ್ನತೆ, ಚಟ, ಕಾಯಿಲೆ ಸಾಮಾನ್ಯ. ಹಾಗಾಗಿ ನಿಮಗೂ ಖಿನ್ನತೆ ಇದ್ದರೆ ನೀವೇನೂ ವಿಶೇಷವಾಗಿ ದುರ್ಬಲರಲ್ಲ! ಕಾಯಿಲೆ ಇರುವವರು ಹೆಚ್ಚಿದಷ್ಟೂ ಕಾಯಿಲೆಗೆ ಬೆಲೆ ಇಳಿಯುವ ಲೆಕ್ಕ ಇದು. ಹೀಗೆ ಬರೆದ ಪತ್ರ ಕೈಯಲ್ಲಿ ಹಿಡಿದವರಿಗೆ ಏನನ್ನಿಸಿರಬೇಡ? 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಬದಲಿಸಿತು. ಹೋಲಿಸಬೇಕಾದದ್ದು ಯಾವುದೋ ಸಾಮಾನ್ಯ ಮನುಷ್ಯ ಮನೆ ಕಳೆದುಕೊಂಡರೆ ಅವನ ಸ್ಥಿತಿ ಹೇಗಿರುತ್ತದೋ ಅದರ ಜೊತೆ ಎಂದು ಹೇಳಿತು. ಮನೆಯ ಹಿಂಸೆಯಿಂದ ಓಡಿಬಂದು ಬೀದಿಗೆ ಬಿದ್ದವರು ದುರ್ಬಲರೆಂದು ಬೇರೆ ಸಾಬೀತು ಮಾಡಬೇಕಿಲ್ಲ ಎಂಬ ನಿಯಮ ಬಂದದ್ದು 2021ರಲ್ಲಿ.

ಸ್ಕಾಟ್ಲೆಂಡ್ ಬೇರೆ ದಾರಿ ಹಿಡಿಯಿತು. ದುರ್ಬಲರು ಯಾರು ಎಂದು ವಿಂಗಡಿಸುವುದನ್ನೇ 2012ರ ಕೊನೆಗೆ ಕೈಬಿಟ್ಟಿತು. ತನ್ನ ತಪ್ಪಿಲ್ಲದೆ ಮನೆ ಕಳೆದುಕೊಂಡ ಯಾರಿಗಾದರೂ ನೆಲೆಯಾದ ಮನೆಯ ಹಕ್ಕು ಸಿಕ್ಕಿತು. ಅಲ್ಲೂ ಮನೆಗಳ ಕೊರತೆ ಇದೆ, ತಾತ್ಕಾಲಿಕ ವಸತಿಯಲ್ಲಿ ಕಾಯುವವರು ಬೇಕಾದಷ್ಟಿದ್ದಾರೆ. ಆದರೂ ನನಗೆ ಈ ದಾರಿ ಹೆಚ್ಚು ಇಷ್ಟ. ಮನೆ ಕಡಿಮೆ ಇದ್ದರೆ ಕಡಿಮೆ ಇದೆ ಎಂದು ಹೇಳಲಿ. ನಿನಗೆ ಅಷ್ಟೇನೂ ಕಷ್ಟವಿಲ್ಲ ಎಂದು ಯಾಕೆ ಹೇಳಬೇಕು?

ಇಂಗ್ಲೆಂಡಿನಲ್ಲಿ ಈ ಆಟ ಸಾಲಿನ ಬಾಗಿಲಲ್ಲೇ ಶುರುವಾಗುತ್ತದೆ. 2011ರ ಲೋಕಲಿಸಂ ಆಕ್ಟ್ ಸಾಲಿಗೆ ಯಾರು ಸೇರಬಹುದು ಎಂದು ತೀರ್ಮಾನಿಸುವ ದೊಡ್ಡ ಅಧಿಕಾರವನ್ನು ಕೌನ್ಸಿಲ್‌ಗಳಿಗೆ ಕೊಟ್ಟಿತು. ನಮ್ಮ ಊರಲ್ಲಿ ಇಷ್ಟು ವರ್ಷ ಇದ್ದಿರಬೇಕು, ಆದಾಯ ಇಷ್ಟರೊಳಗಿರಬೇಕು, ಬಾಡಿಗೆ ಬಾಕಿ ಇರಬಾರದು, ಹೀಗೆ. ಲಂಡನ್ನಿನ ಹಿಲಿಂಗ್‌ಡನ್ ಕೌನ್ಸಿಲ್ ಹತ್ತು ವರ್ಷ ವಾಸ ಮಾಡಿರಬೇಕು ಎಂದಿತು. ಅಲೆಮಾರಿ ಐರಿಶ್ ಟ್ರಾವೆಲರ್ ಸಮುದಾಯದವರು ಹತ್ತು ವರ್ಷ ಒಂದೇ ಕಡೆ ಇರುವುದೆಲ್ಲಿ ಬಂತು? ನಿರಾಶ್ರಿತನಾಗಿ ಮೊನ್ನೆ ಬಂದವನಿಗೆ ಹತ್ತು ವರ್ಷ ಎಲ್ಲಿಂದ ತರಬೇಕು? ಪ್ರಕರಣ ಮೇಲಿನ ಕೋರ್ಟಿಗೆ ಹೋಗಿ, 2019ರಲ್ಲಿ ಆ ನಿಯಮ ಕೌನ್ಸಿಲ್ ಸಮರ್ಥಿಸಿಕೊಳ್ಳಲಾಗದ ತಾರತಮ್ಯ ಎಂದು ತೀರ್ಪಾಯಿತು.

ಈ ಬಾಗಿಲುಗಳು ಬಂದ ಮೇಲೆ ಸಾಲು ಬಹಳ ಬೇಗ ಚಿಕ್ಕದಾಯಿತು. 2012ರಲ್ಲಿ ಇಂಗ್ಲೆಂಡಿನ ಪಟ್ಟಿಗಳಲ್ಲಿ ಸುಮಾರು 18.5 ಲಕ್ಷ ಕುಟುಂಬಗಳಿದ್ದವು. 2016ರ ಹೊತ್ತಿಗೆ 12 ಲಕ್ಷಕ್ಕಿಂತ ಕಡಿಮೆ. ನಾಲ್ಕೇ ವರ್ಷದಲ್ಲಿ ಆರೂವರೆ ಲಕ್ಷ ಕುಟುಂಬಕ್ಕೆ ಮನೆ ಸಿಕ್ಕಿಬಿಟ್ಟಿತೇ? ಇಲ್ಲ. ಪಟ್ಟಿಯನ್ನು ತಿದ್ದಿದರು, ಅಷ್ಟೇ. 2024ರಲ್ಲಿ ಮತ್ತೆ ಸುಮಾರು 13 ಲಕ್ಷಕ್ಕೆ ಬಂದು ನಿಂತಿದೆ. ವರ್ಷಕ್ಕೆ ಹೊಸದಾಗಿ ಬಾಡಿಗೆಗೆ ಹೋಗುವ ಸರ್ಕಾರಿ ಮನೆಗಳು ಮತ್ತು ಹೌಸಿಂಗ್ ಅಸೋಸಿಯೇಷನ್ ಎಂಬ ಲಾಭಕ್ಕಲ್ಲದ ವಸತಿ ಸಂಸ್ಥೆಗಳ ಮನೆಗಳು ಎರಡೂವರೆ ಲಕ್ಷದ ಆಸುಪಾಸು. ಅವುಗಳಲ್ಲೂ ಒಂದು ಪಾಲು ಈಗಾಗಲೇ ಅಂಥ ಮನೆಯಲ್ಲಿದ್ದು ಬದಲಿಸುವವರಿಗೆ ಹೋಗುತ್ತದೆ. 1980ರ ಕಾನೂನು ಬಾಡಿಗೆದಾರರಿಗೆ ತಮ್ಮ ಕೌನ್ಸಿಲ್ ಮನೆಯನ್ನು ರಿಯಾಯಿತಿ ದರದಲ್ಲಿ ಕೊಳ್ಳುವ ಹಕ್ಕು ಕೊಟ್ಟಿತು. ಅಂದಿನಿಂದ ಹತ್ತಿರ ಹತ್ತಿರ 20 ಲಕ್ಷ ಮನೆ ಮಾರಾಟವಾಗಿವೆ. ಕೊಂಡವರಿಗೆ ಒಳ್ಳೆಯದೇ ಆಯಿತು. ಅವರ ಜಾಗಕ್ಕೆ ಅಷ್ಟೇ ಮನೆ ಕಟ್ಟಲಿಲ್ಲ. ಮನೆ ಕಡಿಮೆಯಾದಂತೆ ಅಳತೆಕೋಲುಗಳು ಬಿಗಿಯಾಗುತ್ತ ಬಂದವು. ಈಗ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳು ಅಲ್ಲಿ ತಾತ್ಕಾಲಿಕ ವಸತಿಯಲ್ಲಿವೆ.

ಮೆಟ್ಟಿಲಿನ ಆ ಹಿರಿಯರ ಬ್ಯಾಂಡ್ ಏರಿತು. ಮೊದಲ ಸಲವಲ್ಲ, ತೀರ್ಮಾನವನ್ನು ಮತ್ತೊಮ್ಮೆ ಪರಿಶೀಲಿಸಿ ಎಂದು ಕೇಳಿದ ಮೇಲೆ. ಹಾಗೆ ಕೇಳುವ ಹಕ್ಕಿದೆ ಎಂದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಮನೆಯಿಲ್ಲದವರ ವಿಷಯದ ತೀರ್ಮಾನವಾದರೆ ಪತ್ರ ಬಂದ 21 ದಿನದೊಳಗೆ ಕೇಳಬೇಕು. ಇನ್ನೊಂದು ಪತ್ರ ಇದೆ, ನೋಡಲು ಏನೂ ಅಲ್ಲ ಅನ್ನಿಸುವಂಥದ್ದು. ವರ್ಷಕ್ಕೊಮ್ಮೆ ಬರುತ್ತದೆ, ನೀವು ಇನ್ನೂ ಸಾಲಿನಲ್ಲಿದ್ದೀರಾ ಎಂದು ಕೇಳುತ್ತದೆ. ಉತ್ತರಿಸದಿದ್ದರೆ ಹಲವು ಕೌನ್ಸಿಲ್‌ಗಳು ಹೆಸರು ತೆಗೆದುಬಿಡುತ್ತವೆ. ಪದೇ ಪದೇ ವಿಳಾಸ ಬದಲಿಸುವವರ ಕೈಗೇ ಆ ಪತ್ರ ಸೇರುವುದಿಲ್ಲ, ಅವರಿಗೇ ಮನೆ ಹೆಚ್ಚು ಬೇಕಿರುವುದು.

ಅಲ್ಲಿರುವ ಪರಿಚಯದವರು ಯಾರಾದರೂ ಈಗಲೂ ಫೋನ್ ಮಾಡಿ ಅರ್ಜಿಯ ಬಗ್ಗೆ ಕೇಳುತ್ತಾರೆ. ಅರ್ಜಿಗಿಂತ ಮೊದಲು ನಿಮ್ಮ ಕೌನ್ಸಿಲ್‌ನ ಅಲೊಕೇಶನ್ ಸ್ಕೀಮ್, ಅಂದರೆ ಮನೆ ಹಂಚುವ ನಿಯಮಗಳ ದಾಖಲೆ, ತೆಗೆದು ಓದಿ ಎನ್ನುತ್ತೇನೆ. ಅದರ ಸಾರಾಂಶವನ್ನು ಕೇಳಿದ ಯಾರಿಗಾದರೂ ಉಚಿತವಾಗಿ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಪೂರ್ತಿ ದಾಖಲೆ ದಪ್ಪಗಿರುತ್ತದೆ, ಎಲ್ಲ ಓದಬೇಕಿಲ್ಲ. ಬೆಡ್‌ರೂಮ್ ಎಂದು ಯಾವುದನ್ನು ಕರೆದಿದ್ದಾರೆ, ಮಕ್ಕಳನ್ನು ಯಾವ ವಯಸ್ಸಿನಿಂದ ಹೇಗೆ ಎಣಿಸಿದ್ದಾರೆ, ಕಾಯಿಲೆಯ ಪ್ರಶ್ನೆ ಹೇಗಿದೆ, ಊರಿನಲ್ಲಿ ಎಷ್ಟು ವರ್ಷ ಕೇಳಿದ್ದಾರೆ, ಇವಿಷ್ಟನ್ನು ಮೊದಲು ಹುಡುಕಿ. ಆಮೇಲೆ ಡಾಕ್ಟರ ಹತ್ತಿರ ಹೋಗಿ, ಆಮೇಲೆ ಫಾರಂ ತುಂಬಿ.